ಬಳ್ಳಾರಿ, ರಾಯಚೂರು, ಕೊಪ್ಪಳದ ಸ್ಥಳೀಯ ಚರಿತ್ರೆ: ಸ್ನಾತಕೋತ್ತರ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಅಥವಾ ಪಿಎಚ್‌.ಡಿ.ಗೆ ಈ ಮೂರು ಜಿಲ್ಲೆಗಳ ಚರಿತ್ರೆಯನ್ನು ಆರಿಸಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಎಲ್ಲ ಉತ್ತರಗಳ ಹಿಂದೆ ಇರುವ ಮಾತು ಒಂದೇ: ಮೊದಲು ಆಕರ ಎಲ್ಲಿದೆ, ಯಾವ ಭಾಷೆಯಲ್ಲಿದೆ ಎಂದು ನೋಡಿ, ಆಮೇಲೆ ವಿಷಯದ ಶೀರ್ಷಿಕೆ ಬರೆಯಿರಿ.

ಸ್ಥಳೀಯ ಚರಿತ್ರೆ, ಪ್ರಾದೇಶಿಕ ಚರಿತ್ರೆ ಎರಡೂ ಒಂದೇನಾ?

ಒಂದೇ ಅಲ್ಲ. ಸ್ಥಳೀಯ ಚರಿತ್ರೆಯ ಘಟಕವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಮುಗಿಸಬಹುದು: ಒಂದು ಊರು, ಒಂದು ಕೆರೆ ಮತ್ತು ಅದರ ಅಚ್ಚುಕಟ್ಟು, ಒಂದು ಪೇಟೆ ಬೀದಿ, ಒಂದು ಕೋಟೆ, ಹೊರಗಿನಿಂದ ಬಂದವರು ನೆಲೆಸಿದ ಒಂದು ಕ್ಯಾಂಪು. ಪ್ರಾದೇಶಿಕ ಚರಿತ್ರೆಯ ಘಟಕ ನಾಡು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್, ಶಾಸನಗಳು ಎಡೆದೊರೆ ಎಂದು ಕರೆಯುವ ಸೀಮೆ, ಅಂಥ ಒಂದು ಪ್ರದೇಶ. ಎಂ.ಎ. ಕಿರುಪ್ರಬಂಧಕ್ಕೆ ಕೈಯಲ್ಲಿರುವುದು ನಾಲ್ಕೈದು ತಿಂಗಳು, ಅದಕ್ಕೆ ಸ್ಥಳೀಯ ಘಟಕವೇ ಸರಿ. ದೋಆಬ್‌ನಂಥ ದೊಡ್ಡ ಪ್ರದೇಶವನ್ನು ಪಿಎಚ್‌.ಡಿ.ಗೆ ಇಟ್ಟುಕೊಳ್ಳಿ. ಆಗಲೂ ನಾಲ್ಕಾರು ಊರುಗಳನ್ನು ಆಳವಾಗಿ ನೋಡದೆ ನಾಡಿನ ಬಗ್ಗೆ ಬರೆದದ್ದು ಹಳೆಯ ಪುಸ್ತಕಗಳ ಸಾರಾಂಶವಾಗಿಬಿಡುತ್ತದೆ.

ಎಲ್ಲಿ ಓದಬಹುದು?

ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ರಾಯಚೂರು, ಕೊಪ್ಪಳಗಳಲ್ಲಿ ಆಮೇಲೆ ಹೊಸ ವಿಶ್ವವಿದ್ಯಾಲಯಗಳು ಬಂದಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಂದು ವಿಜಯನಗರ ಜಿಲ್ಲೆಗೆ ಸೇರಿದ್ದರೂ ಈ ಮೂರೂ ಜಿಲ್ಲೆಯ ವಿದ್ಯಾರ್ಥಿಗಳಿಗೆ ಕೈಗೆಟಕುವ ದೂರದಲ್ಲಿದೆ. ಶಾಸನ, ಪುರಾತತ್ವ, ಬುಡಕಟ್ಟು ಮತ್ತು ಜಾನಪದ ಅಧ್ಯಯನ ಒಂದೇ ಆವರಣದಲ್ಲಿ ಸಿಗುವುದು ಅದರ ಬಲ. ಕೆಲಸದಲ್ಲಿ ಇರುವವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣವೂ ಒಂದು ದಾರಿ. ಆದರೆ ಕ್ಷೇತ್ರಕಾರ್ಯಕ್ಕೆ ಮಾರ್ಗದರ್ಶಕರು ಹತ್ತಿರ ಇರುವುದು ಮುಖ್ಯ.

ಸೇರುವ ಮುನ್ನ ವಿಭಾಗದಲ್ಲಿ ಎರಡು ಮಾತು ಕೇಳಿ. ಕಿರುಪ್ರಬಂಧ ಕಡ್ಡಾಯವೋ, ಐಚ್ಛಿಕವೋ? ಶಾಸನಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆ ಇದೆಯೋ ಇಲ್ಲವೋ? ಶುಲ್ಕ, ಹಾಸ್ಟೆಲ್ಲಿಗಿಂತ ಈ ಎರಡು ಉತ್ತರಗಳೇ ನಿಮ್ಮ ಮುಂದಿನ ಕೆಲಸವನ್ನು ನಿರ್ಧರಿಸುತ್ತವೆ.

371ಜೆ ಪ್ರಮಾಣಪತ್ರ ಬೇಕಾ?

ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಇರುವ ಮೀಸಲು ಬೇಕಿದ್ದರೆ ಬೇಕು. ಕೊಡುವುದು ಸಹಾಯಕ ಆಯುಕ್ತರ ಕಚೇರಿ. ಪ್ರವೇಶ ಪ್ರಕಟಣೆ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ, ಪದವಿಯ ಕೊನೆಯ ವರ್ಷದಲ್ಲೇ ಮಾಡಿಸಿಟ್ಟುಕೊಳ್ಳಿ.

ವಿಷಯವನ್ನು ಹೇಗೆ ಆರಿಸಬೇಕು? ಹಂಪಿ ಬಗ್ಗೆ ಮಾಡಬಹುದಾ?

ಮಾಡಬಹುದು, ಆದರೆ ಮೊದಲ ಕೆಲಸಕ್ಕೆ ಬೇಡ. ಈಸ್ಟ್ ಇಂಡಿಯಾ ಕಂಪನಿಯ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ 1799–1800ರ ಸುಮಾರಿಗೆ ಅಲ್ಲಿಯ ನಕ್ಷೆ ಬರೆಸಿದಾಗಿನಿಂದ ಹಂಪಿಯ ಬಗ್ಗೆ ಬರೆದದ್ದು ಗುಡ್ಡದಷ್ಟಿದೆ. ಅದನ್ನೆಲ್ಲ ಓದುವುದರಲ್ಲೇ ನಿಮ್ಮ ಎರಡು ವರ್ಷ ಕಳೆದುಹೋಗುತ್ತವೆ. ಹಂಪಿಯಿಂದ 20 ಕಿಲೋಮೀಟರ್ ಆಚೆಯ ಒಂದು ಕೆರೆಗೆ ಇನ್ನೂ ಒಂದು ಸರಿಯಾದ ಪುಟವೂ ಇಲ್ಲದಿರಬಹುದು.

ಮೂರು ಪರೀಕ್ಷೆಗಳಲ್ಲಿ ಗೆದ್ದರೆ ವಿಷಯ ಗಟ್ಟಿ. ಒಂದು, ಎರಡು ಬೇರೆ ಬೇರೆ ಬಗೆಯ ಆಕರ ಇರಬೇಕು: ಶಾಸನ ಮತ್ತು ಕಂದಾಯ ಕಡತ, ಅಥವಾ ಕಡತ ಮತ್ತು ಬಾಯಿಮಾತು. ಒಂದೇ ಆಕರವಿದ್ದರೆ ಅದು ಹೇಳಿದ್ದನ್ನು ತಾಳೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ. ಎರಡು, ಆ ಆಕರದ ಲಿಪಿಯನ್ನು ನೀವು ಓದಬಲ್ಲಿರಾ ಅಥವಾ ಆರು ತಿಂಗಳಲ್ಲಿ ಕಲಿಯಬಲ್ಲಿರಾ. ಮೂರು, ಶೀರ್ಷಿಕೆಯನ್ನು ಪ್ರಶ್ನೆಯಾಗಿ ತಿರುಗಿಸಿದರೆ ನಿಲ್ಲುತ್ತದೆಯೇ. ‘ಸಿಂಧನೂರು ತಾಲೂಕಿನ ಇತಿಹಾಸ: ಒಂದು ಅಧ್ಯಯನ’ ಎಂಬುದರಲ್ಲಿ ಪ್ರಶ್ನೆಯೇ ಇಲ್ಲ. ‘ಕಾಲುವೆ ನೀರು ಬಂದ ಮೇಲೆ ಸಿಂಧನೂರಿನ ಒಂದು ಊರಿನಲ್ಲಿ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು?’ ಎಂದರೆ ಪ್ರಶ್ನೆಯೂ ಇದೆ, ಪಹಣಿಯೂ ಇದೆ, ಹೇಳುವ ಹಿರಿಯರೂ ಇದ್ದಾರೆ.

ಇನ್ನೂ ಕೆಲಸ ಕಾಯುತ್ತಿರುವ ಕೆಲವು ಜಾಗಗಳಿವು. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರುಗಳವರು ಎಲ್ಲಿ ನೆಲೆಸಿದರು, ಅವರ ದೇವರು ಎಲ್ಲಿಗೆ ಹೋಯಿತು ಎಂಬುದು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸುತ್ತ ಎದ್ದ ಕ್ಯಾಂಪುಗಳು: ಆಂಧ್ರದಿಂದ ಬಂದ ರೈತರವು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರವು. ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ಬೆಳೆದ ಹತ್ತಿ ಪೇಟೆ. ಹಟ್ಟಿಯ ಹಳೆಯ ಚಿನ್ನದ ಗುಂಡಿಗಳು. ಸಂಡೂರಿನ ಘೋರ್ಪಡೆ ಸಂಸ್ಥಾನದ ಕಾಲದ ಅರಣ್ಯ ಮತ್ತು ಗಣಿ. ಮುದಗಲ್ಲಿನ ಮೊಹರಂ. ಇವೆಲ್ಲ ಒಂದೊಂದು ಪ್ರಬಂಧಕ್ಕೆ ಸಾಕಾಗಿ ಮಿಗುವಷ್ಟು ದೊಡ್ಡವು, ಆದ್ದರಿಂದ ಒಂದರೊಳಗಿನ ಒಂದು ಮೂಲೆಯನ್ನೇ ಹಿಡಿಯಿರಿ.

ಜಿಲ್ಲೆಯ ಗಡಿ ಬದಲಾದದ್ದರಿಂದ ನನ್ನ ಕೆಲಸಕ್ಕೆ ಏನು ತೊಂದರೆ?

ಅತಿ ಹೆಚ್ಚು ತಪ್ಪುಗಳು ಹುಟ್ಟುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಬಳ್ಳಾರಿ ಸೀಮೆಯನ್ನು 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟರು. ಮದ್ರಾಸ್ ಆಡಳಿತದಲ್ಲಿ ಇದು ‘ದತ್ತಮಂಡಲ’ದ ಭಾಗ, ಥಾಮಸ್ ಮನ್ರೋ ಅದರ ಮೊದಲ ಪ್ರಧಾನ ಕಲೆಕ್ಟರ್. 1882ರವರೆಗೆ ಇಂದಿನ ಅನಂತಪುರ ಕಡೆಯ ತಾಲೂಕುಗಳೂ ಬಳ್ಳಾರಿ ಜಿಲ್ಲೆಯೊಳಗೇ ಇದ್ದವು. ಹಾಗಾಗಿ 1876–78ರ ಬರದ ವರದಿಯಲ್ಲಿ ‘ಬಳ್ಳಾರಿ ಜಿಲ್ಲೆ’ಯ ಸಾವಿನ ಸಂಖ್ಯೆ ಕಂಡರೆ ಅದನ್ನು ಇಂದಿನ ಬಳ್ಳಾರಿಗೆ ಹಚ್ಚಬಾರದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿದೆ.

ರಾಯಚೂರಿನ ದಾರಿಯೇ ಬೇರೆ. 1853ರಿಂದ 1860ರವರೆಗೆ ರಾಯಚೂರು ದೋಆಬ್ ಬ್ರಿಟಿಷರ ಕೈಯಲ್ಲಿತ್ತು, ಆಮೇಲೆ ನಿಜಾಮರಿಗೆ ಮರಳಿತು. 1858ರಲ್ಲಿ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯನ ಬಂಡಾಯ ನಡೆದದ್ದು ಈ ನಡುಗಾಲದಲ್ಲಿ. ಅದರ ಕಾಗದಗಳನ್ನು ನಿಜಾಮರ ದಫ್ತರದಲ್ಲಿ ಮಾತ್ರ ಹುಡುಕಿದರೆ ಕಂಪನಿ ಸರ್ಕಾರದ ಪತ್ರವ್ಯವಹಾರವೆಲ್ಲ ತಪ್ಪಿಹೋಗುತ್ತದೆ. ಹೈದರಾಬಾದ್ ಸಂಸ್ಥಾನದಲ್ಲಿ 1905ರವರೆಗೆ ಲಿಂಗಸುಗೂರು ಒಂದು ಪ್ರತ್ಯೇಕ ಜಿಲ್ಲೆಯಾಗಿತ್ತು. ಕುಷ್ಟಗಿ, ಗಂಗಾವತಿ, ಸಿಂಧನೂರು ಅದರಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು, ಅದರ ಲೆಕ್ಕಪತ್ರವೇ ಬೇರೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯ ಸೇರುವಾಗ ಆಲಂಪುರ, ಗದ್ವಾಲ ಆಂಧ್ರಪ್ರದೇಶಕ್ಕೆ ಹೋದವು. 1990ರ ದಶಕದ ಕೊನೆಯಲ್ಲಿ ಕೊಪ್ಪಳ ತನ್ನದೇ ಜಿಲ್ಲೆಯಾಯಿತು.

ಪರಿಹಾರ ಸರಳ. ಪ್ರಬಂಧದ ಮೊದಲ ಅಧ್ಯಾಯದಲ್ಲಿ ನಿಮ್ಮ ಊರಿಗೆ ಒಂದು ಕೋಷ್ಟಕ ಹಾಕಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ತಾಲೂಕು, ಯಾವ ಜಿಲ್ಲೆ, ಯಾವ ರಾಜ್ಯ, ಕಚೇರಿಯ ಭಾಷೆ ಯಾವುದು. ಈ ಒಂದು ಪುಟವೇ ಯಾವ ಊರಿನ ಪತ್ರಾಗಾರಕ್ಕೆ ರೈಲು ಹತ್ತಬೇಕು ಎಂದು ಹೇಳಿಬಿಡುತ್ತದೆ.

ಹಾಗಾದರೆ ದಾಖಲೆಗಳು ಎಲ್ಲಿ ಸಿಗುತ್ತವೆ?

ಬಳ್ಳಾರಿಗೆ 1953ಕ್ಕಿಂತ ಹಿಂದಿನದು ಬೇಕಿದ್ದರೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರ. ಅಲ್ಲಿಯ ರೆವಿನ್ಯೂ ಬೋರ್ಡಿನ ನಡಾವಳಿಗಳು ಮುಖ್ಯ. ರಾಯಚೂರು, ಕೊಪ್ಪಳಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ಪತ್ರಾಗಾರ, ಅಲ್ಲಿ ಪಾರಸಿ ಮತ್ತು ಉರ್ದು ಕಡತ. 1956ರ ನಂತರದ್ದಕ್ಕೆ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ಕಲಬುರಗಿ ವಿಭಾಗೀಯ ಕಚೇರಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತ ಹಾಕಿ. ಕೊಪ್ಪಳ ಹಳೆಯ ಸೂಚಿಗಳಲ್ಲಿ ‘ಕೊಪ್ಬಾಲ್’ ಎಂದಿರುತ್ತದೆ, ಬಳ್ಳಾರಿ ‘ಬೆಲ್ಲಾರಿ’ ಎಂದು. ಗಂಗಾವತಿ, ಕುಷ್ಟಗಿಗಳಿಗೆ ನಾಲ್ಕೈದು ರೂಪಗಳಿವೆ. ‘ಏನೂ ಸಿಗಲಿಲ್ಲ’ ಎಂದು ಬರುವವರಲ್ಲಿ ಹೆಚ್ಚಿನವರು ಇಂದಿನ ಕಾಗುಣಿತ ಹಾಕಿ ಹುಡುಕಿದವರು.

ಪತ್ರಾಗಾರಕ್ಕೆ ಹೋಗುವಾಗ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ, ಎರಡು ಭಾವಚಿತ್ರ, ಪೆನ್ಸಿಲ್ ಒಯ್ಯಿರಿ. ಮೊದಲ ಎರಡು ದಿನ ಸೂಚಿ ನೋಡುವುದಕ್ಕೇ ಹೋಗುತ್ತದೆ. ಒಂದು ವಾರಕ್ಕಿಂತ ಕಡಿಮೆ ಇಟ್ಟುಕೊಂಡು ಹೋದರೆ ಕಡತ ಕೈಗೆ ಬರುವ ಹೊತ್ತಿಗೆ ಮರಳುವ ರೈಲು ಬಂದಿರುತ್ತದೆ. ಕಡತ ಸಂಖ್ಯೆ, ಇಲಾಖೆ, ದಿನಾಂಕ, ಪುಟ ಈ ನಾಲ್ಕನ್ನೂ ಆಗಲೇ ಬರೆದುಕೊಳ್ಳಿ. ಫೋಟೊ ಇದ್ದು ಕಡತ ಸಂಖ್ಯೆ ಇಲ್ಲದಿದ್ದರೆ ಅದನ್ನು ಅಡಿಟಿಪ್ಪಣಿಯಲ್ಲಿ ಹಾಕಲು ಬರುವುದಿಲ್ಲ.

ಊರಿನ ಕಂದಾಯ ದಾಖಲೆ ಓದುವುದು ಹೇಗೆ?

ಹೆಸರುಗಳೇ ಮೊದಲ ತೊಡಕು. ಲೆಕ್ಕ ಬರೆಯುವವನು ಬಳ್ಳಾರಿ ಕಡೆ ಕರಣಂ, ರಾಯಚೂರು ಕಡೆ ಪಟವಾರಿ ಅಥವಾ ಕುಲಕರ್ಣಿ. ಬಳ್ಳಾರಿ ಕಡೆ ಅಡಂಗಲ್ (ಸಾಗುವಳಿ ಲೆಕ್ಕ), ಡಯಗ್ಲಾಟ್ (ಎರಡು ಭಾಷೆಯ ಸರ್ವೆ ರಿಜಿಸ್ಟರ್), ಇನಾಂ ಫೇರ್ ರಿಜಿಸ್ಟರ್ (ಸೇವೆಗಾಗಿ ಬಿಟ್ಟ ಜಮೀನುಗಳ ಪಟ್ಟಿ) ಎಂದು ಕೇಳಿ. ರಾಯಚೂರು, ಕೊಪ್ಪಳ ಕಡೆ ಸೇತ್ವಾರ್ (ಸರ್ವೆ ನಂಬರ್‌ವಾರು ಜಮೀನಿನ ಪಟ್ಟಿ), 1954–55ರ ಖಾಸ್ರಾ ಪಹಣಿ, ಇನಾಂ ಜಮೀನಿಗೆ ಮುಂತಖಬ್ (ಇನಾಂ ಮಂಜೂರಾತಿ ಪತ್ರ) ಎಂದು ಕೇಳಿ. ಹೆಸರು ತಪ್ಪಿ ಕೇಳಿದರೆ ದಾಖಲೆ ಕೊಠಡಿಯಲ್ಲಿ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಆಗಿರುವುದಿಲ್ಲ.

ಸ್ಥಳೀಯ ಚರಿತ್ರೆಗೆ ಇನಾಂ ದಾಖಲೆ ಚಿನ್ನ. ಗುಡಿ, ದರ್ಗಾ, ಮಠ, ತಳವಾರ, ಬಡಿಗ, ಕಮ್ಮಾರ, ಬಸವಿ, ವಾದ್ಯದವರು, ಹೀಗೆ ಯಾರಿಗೆ ಯಾವ ಸೇವೆಗಾಗಿ ಎಷ್ಟು ಎಕರೆ ಬಿಟ್ಟಿದ್ದರು ಎಂಬುದು ಅಲ್ಲಿದೆ. ಇಂದು ಊರಲ್ಲಿ ಕಾಣದ ಒಂದು ಸಮುದಾಯ ಅಥವಾ ಗುಡಿ ಅಲ್ಲಿ ಸರ್ವೆ ನಂಬರ್ ಸಮೇತ ಕಾಣಿಸಿಕೊಳ್ಳಬಹುದು. ಆ ಸರ್ವೆ ನಂಬರನ್ನು ಗ್ರಾಮ ನಕಾಶೆಯಲ್ಲಿ ಗುರುತಿಸಿ, ನಕಾಶೆ ಹಿಡಿದು ಹೊಲಕ್ಕೆ ನಡೆಯಿರಿ. ಹೊಲದ ಹೆಸರನ್ನೂ ಕೇಳಿ. ‘ಗುಡಿ ಹೊಲ’, ‘ಕೋಟಿ ಹಿಂದಿನ ಹೊಲ’, ‘ಹಳೇ ಊರ ಮಾಳ’ ಎಂಬ ಹೆಸರುಗಳು ಕಾಗದ ಮರೆತದ್ದನ್ನು ಉಳಿಸಿಕೊಂಡಿರುತ್ತವೆ.

ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ. ‘ಊರಿನ ಎಲ್ಲ ಹಳೆಯ ದಾಖಲೆ ಕೊಡಿ’ ಎಂದು ಬರೆದರೆ ತಿರಸ್ಕಾರವಾಗುತ್ತದೆ. ದಾಖಲೆಯ ಹೆಸರು, ಊರು, ಸರ್ವೆ ನಂಬರ್, ವರ್ಷ ಇಷ್ಟನ್ನೂ ನಮೂದಿಸಿ.

ಫಸಲಿ, ಹಿಜರಿ, ಶಕ, ವಿಕ್ರಮ ವರ್ಷ: ಇವನ್ನು ಕ್ರಿ.ಶ.ಕ್ಕೆ ತಿರುಗಿಸುವುದು ಹೇಗೆ?

ಶಕ ವರ್ಷಕ್ಕೆ 78 ಕೂಡಿಸಿ. ತಿಂಗಳು ಪುಷ್ಯದಿಂದ ಫಾಲ್ಗುಣದವರೆಗಿನದಾಗಿ ಇಂಗ್ಲಿಷ್ ಹೊಸ ವರ್ಷ ದಾಟಿದ್ದರೆ 79. ಗತ ಶಕವೋ (ಮುಗಿದ ವರ್ಷ) ವರ್ತಮಾನ ಶಕವೋ (ನಡೆಯುತ್ತಿರುವ ವರ್ಷ) ಎಂಬ ಗೊಂದಲದಿಂದ ಒಂದು ವರ್ಷ ಹೆಚ್ಚುಕಡಿಮೆ ಆಗುತ್ತದೆ. ಆಗ ಸಂವತ್ಸರದ ಹೆಸರೇ ಆಸರೆ. ಶಕ 1442 ಎಂದಿದ್ದು ವಿಕ್ರಮ ಸಂವತ್ಸರ ಎಂದಿದ್ದರೆ ಅದು 1520–21. ಇದೇ ವಿಕ್ರಮ 2000–01ರಲ್ಲೂ ಬಂದಿತ್ತು, ನಡುವಿನ 480 ವರ್ಷ 60ರಿಂದ ಭಾಗವಾಗುತ್ತದೆ. ಹೀಗೆ 60ರ ಲೆಕ್ಕದಲ್ಲಿ ಹಿಂದೆ ಎಣಿಸಿ ತಾಳೆ ನೋಡಬಹುದು. ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಆದಿಲ್‌ಶಾಹಿ ಸೈನ್ಯದೊಡನೆ ಕಾದಿದ್ದು ಆ 1520ರಲ್ಲಿ.

ಚಾಳುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ಹೆಸರಿನ ವಿಕ್ರಮ ವರ್ಷ ಶುರುವಾಗುವುದು 1076ರಿಂದ, ಮೇಲಿನ ವಿಕ್ರಮ ಸಂವತ್ಸರ ಬೇರೆ. ಆದ್ದರಿಂದ 1075 ಕೂಡಿಸಿ. ವಿಕ್ರಮ ವರ್ಷ 37 ಎಂದರೆ 1112–13, ಸಂವತ್ಸರ ನಂದನ ಇರಬೇಕು. ಇಟಗಿಯ ಮಹಾದೇವ ದೇವಾಲಯ ಕಟ್ಟಿಸಿದ ವರ್ಷ 1112. ಕಲ್ಲಿನ ಮೇಲೆ ಅಂಕಿ ಸವೆದು ‘3’ ಮಾತ್ರ ಉಳಿದಿದ್ದರೂ ಸಂವತ್ಸರ ಓದಲು ಬಂದರೆ ವರ್ಷ ಕೈಗೆ ಸಿಗುತ್ತದೆ.

ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಿ. ಆದರೆ ಎಚ್ಚರ: ಮದ್ರಾಸ್ ಕಡೆಯ ಫಸಲಿ ಜುಲೈ 1ಕ್ಕೆ, ಹೈದರಾಬಾದಿನದು ಅಕ್ಟೋಬರ್ ಮೊದಲ ವಾರದಲ್ಲಿ, ಆಜುರ್ ತಿಂಗಳಿಂದ ಶುರು. ಹೈದರಾಬಾದಿನ ಜಾಗೀರು ರದ್ದತಿ ಕಾನೂನು 1358 ಫಸಲಿಯದು. ಕೂಡಿಸಿದರೆ 1948 ಬರುತ್ತದೆ, ಜಾರಿಗೆ ಬಂದದ್ದು 1949ರ ಆಗಸ್ಟ್. ಆ ಆಗಸ್ಟ್ ಇನ್ನೂ 1358ರೊಳಗೇ ಇತ್ತು. ಒಂದೇ ಫಸಲಿ ಸಂಖ್ಯೆ ಬಳ್ಳಾರಿಯಲ್ಲೂ ಕೊಪ್ಪಳದಲ್ಲೂ ಕಂಡರೆ ತಿಂಗಳು ನೋಡದೆ ಸಮ ಮಾಡಬೇಡಿ.

ಆದಿಲ್‌ಶಾಹಿ ಮತ್ತು ಮರಾಠಾ ಕಾಗದಗಳಲ್ಲಿ ಬರುವ ಸುಹೂರ್ ಸನ್ನಿಗೆ ಜೂನ್‌ನಿಂದ ಡಿಸೆಂಬರ್‌ವರೆಗೆ 599, ಜನವರಿಯಿಂದ ಮೇವರೆಗೆ 600. ಹಿಜರಿಗೆ ಕೂಡಿಸುವ ಲೆಕ್ಕ ನಡೆಯದು, ಏಕೆಂದರೆ ಅದು ಚಾಂದ್ರ ವರ್ಷ. 33 ಹಿಜರಿ ವರ್ಷ ಸುಮಾರು 32 ಸೌರ ವರ್ಷಕ್ಕೆ ಸಮ. ಪರಿವರ್ತನೆ ಕೋಷ್ಟಕವನ್ನೇ ಬಳಸಿ.

ಹಳೆಗನ್ನಡ ಶಾಸನ ಓದಲು ಬರುವುದಿಲ್ಲ. ಶಾಸನ ಬಿಟ್ಟು ಮಾಡಬಹುದಾ?

1800ರ ನಂತರದ ವಿಷಯವಾದರೆ ಮಾಡಬಹುದು. ಅದಕ್ಕಿಂತ ಹಿಂದಿನದಾದರೆ ಸಾಧ್ಯವಿಲ್ಲ. ಹೆದರಬೇಕಾದ್ದೇನೂ ಇಲ್ಲ, 11–12ನೇ ಶತಮಾನದ ಲಿಪಿ ಇಂದಿನ ಕನ್ನಡಕ್ಕೆ ಸಾಕಷ್ಟು ಹತ್ತಿರ, ದಿನಕ್ಕೆ ಒಂದು ಗಂಟೆಯಂತೆ ಮೂರು ತಿಂಗಳು ಕೂತರೆ ಅಕ್ಷರ ಹತ್ತುತ್ತದೆ. ಮೊದಲು ಅಚ್ಚಾದ ಪಾಠ ಇಟ್ಟುಕೊಂಡು ಅದೇ ಕಲ್ಲಿನ ಫೋಟೊ ಓದಿ.

ಅಚ್ಚಾದ ಪಾಠಗಳು ಚದುರಿವೆ. ಮೈಸೂರು ಸಂಸ್ಥಾನದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ನಮ್ಮ ಸೀಮೆಯನ್ನು ಹುಡುಕುವುದು ವ್ಯರ್ಥ. ಬಳ್ಳಾರಿಯವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟದ ಎರಡು ಭಾಗಗಳಲ್ಲಿವೆ. ಕೊಪ್ಪಳದವು ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನಲ್ಲಿ: ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಕ್ಕೆ 10ನೇ ಸಂಚಿಕೆ, ಕನ್ನಡ ಶಾಸನಗಳಿಗೆ 12ನೆಯದು. ಕನ್ನಡ ವಿಶ್ವವಿದ್ಯಾಲಯದ ಬಳ್ಳಾರಿ, ಕೊಪ್ಪಳ, ಹಂಪಿ ಶಾಸನ ಸಂಪುಟಗಳನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಪಾರಸಿ, ಅರಬ್ಬಿ ಶಾಸನಗಳನ್ನು ನೋಡಿಕೊಳ್ಳುವುದು ಪುರಾತತ್ವ ಸರ್ವೇಕ್ಷಣೆಯ ನಾಗಪುರ ಶಾಖೆ. ಕನ್ನಡ ಮತ್ತು ಪಾರಸಿಗಳಷ್ಟೇ ಸಾಕು ಎಂದುಕೊಳ್ಳಬೇಡಿ, ರಾಯಚೂರು ಕೋಟೆಯ ಉದ್ದನೆಯ ಕಲ್ಲಿನ 1294ರ ಶಾಸನ ತೆಲುಗಿನಲ್ಲಿದೆ.

ಇನ್ನು ಕಲ್ಲಿನ ಮುಂದೆ ಕೂತಾಗ. ಊರ ಹನುಮಪ್ಪನ ಗುಡಿಯ ಗೋಡೆಗೆ ಒರಗಿದ ಒಂದು ಶಾಸನವನ್ನು ಕಣ್ಣಮುಂದೆ ತಂದುಕೊಳ್ಳಿ. ಮೇಲ್ಭಾಗದಲ್ಲಿ ಲಿಂಗ, ಹಸು-ಕರು, ಸೂರ್ಯ-ಚಂದ್ರ. ಅದರ ಕೆಳಗೆ ಎರಡು ಬಾರಿ ಸುಣ್ಣ ಬಳಿದ ಪದರ. ನಡುವೆ ಎಣ್ಣೆ, ಕುಂಕುಮ ಕೂತು ಕಪ್ಪಾದ ಪಟ್ಟೆ. ಕೊನೆಯ ಐದಾರು ಸಾಲು ಸಿಮೆಂಟಿನ ಕಟ್ಟೆಯೊಳಗೆ. ನಡುಮಧ್ಯಾಹ್ನ ಹೋದರೆ ಒಂದಕ್ಷರವೂ ಕಾಣುವುದಿಲ್ಲ. ಬೆಳಗ್ಗೆ ಏಳರ ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಅದೇ ಕಲ್ಲಿನಲ್ಲಿ ‘ಸ್ವಸ್ತಿ’ ಎದ್ದು ಬರುತ್ತದೆ. ನೆರಳಿನ ಕಲ್ಲಾದರೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿಂದ ಒಂದು, ಹೀಗೆ ಪ್ರತಿ ನಾಲ್ಕು ಸಾಲಿಗೆ ಮೂರು ಫೋಟೊ. ಚೌಕಟ್ಟಿನಲ್ಲಿ 10 ಸೆಂಟಿಮೀಟರ್ ಅಳತೆಪಟ್ಟಿ ಇರಲಿ. ಸೀಮೆಸುಣ್ಣ, ಇದ್ದಿಲು, ಹಿಟ್ಟು, ಎಣ್ಣೆ ಬಳಿಯಬೇಡಿ, ಉಗುರು ಅಥವಾ ತಂತಿಯಿಂದ ಸುಣ್ಣ ಕೆರೆಯಬೇಡಿ. ಕೆರೆದಾಗ ಸುಣ್ಣದ ಜೊತೆ ಅಕ್ಷರದ ಅಂಚೂ ಹೋಗುತ್ತದೆ, ಆಮೇಲೆ ‘ಪ’ ಯಾವುದು ‘ವ’ ಯಾವುದು ಎಂದು ಯಾರಿಗೂ ಗೊತ್ತಾಗದು. ಕಾಗದ ಒತ್ತಿ ಪ್ರತಿ ತೆಗೆಯುವುದನ್ನು ಕಲಿತವರ ಜೊತೆ ಮಾತ್ರ ಮಾಡಿ, ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಮಾಡಬೇಡಿ.

ಓದುವಾಗ ಅರಸನ ಪ್ರಶಸ್ತಿಯಲ್ಲೇ ನಿಲ್ಲಬೇಡಿ. ‘ಸಮಸ್ತಭುವನಾಶ್ರಯ’ದಿಂದ ಶುರುವಾಗುವ ಸಾಲುಗಳು ನೂರು ಊರುಗಳಲ್ಲಿ ಒಂದೇ ಬಗೆ. ನಿಮ್ಮ ಊರು ಇರುವುದು ದಾನದ ಭಾಗದಲ್ಲಿ: ಎಷ್ಟು ಮತ್ತರು (ಹಳೆಯ ಭೂಮಿಯ ಅಳತೆ), ಯಾವ ಕೋಲಿನ ಅಳತೆ, ಕೆರೆಯ ಯಾವ ತೂಬಿನ ಕೆಳಗೆ, ಮೂಡಣ ಗಡಿಗೆ ಯಾವ ಹಳ್ಳ, ಗಾಣಕ್ಕೆ ಎಷ್ಟು ಎಣ್ಣೆ, ಯಾರು ಮಹಾಜನರು. ಸಿಮೆಂಟಿನಲ್ಲಿ ಹೂತುಹೋಗಿರುವುದೂ ಹೆಚ್ಚಾಗಿ ಅದೇ ಭಾಗ, ಅದು ನೋವಿನ ಸಂಗತಿ.

ಉರ್ದು, ಪಾರಸಿ, ಮೋಡಿ ಕಲಿಯಲೇಬೇಕಾ?

ರಾಯಚೂರು, ಕೊಪ್ಪಳದ 19–20ನೇ ಶತಮಾನ ಮಾಡುವವರು ಉರ್ದು ಕಲಿಯಲೇಬೇಕು. ಅಚ್ಚಿನ ಉರ್ದು ಮೂರು-ನಾಲ್ಕು ತಿಂಗಳಲ್ಲಿ ಬರುತ್ತದೆ. ಕೈಬರಹದ ಶಿಕಸ್ತಾ ಮತ್ತು ಲೆಕ್ಕದ ಸಿಯಾಕ್ ಅಂಕಿಗಳಿಗೆ ಬಲ್ಲವರ ಹತ್ತಿರ ಕೂರಬೇಕು. ಊರಿನ ಮದರಸಾದ ಹಿರಿಯ ಉಸ್ತಾದರನ್ನೋ ಹಳೆಯ ಪಟವಾರಿ ಮನೆತನದವರನ್ನೋ ಕೇಳಿ, ಹೇಳಿಕೊಡುವವರು ಇನ್ನೂ ಇದ್ದಾರೆ. ಅನುವಾದ ಮಾಡಿಸಿಕೊಂಡರೆ ಪ್ರಬಂಧದಲ್ಲಿ ಹಾಗೆಂದೇ ಬರೆಯಿರಿ. ಮರಾಠಿಯ ಹಳೆಯ ಕೈಬರಹದ ಲಿಪಿಯಾದ ಮೋಡಿ ಬೇಕಾಗುವುದು ಮರಾಠಾ ಸಂಬಂಧದ ಮನೆತನದ ಕಾಗದಗಳಿಗೆ.

ಹಿರಿಯರ ಸಂದರ್ಶನ ಹೇಗೆ ಮಾಡಬೇಕು?

‘ನೀವು ಹುಟ್ಟಿದ್ದು ಯಾವ ಇಸವಿ?’ ಎಂದು ಶುರುಮಾಡಿದರೆ ಮಾತು ಅಲ್ಲೇ ಬತ್ತುತ್ತದೆ. ಕೆಲಸದಿಂದ ಶುರುಮಾಡಿ: ಆಗ ಹೊಲಕ್ಕೆ ಏನು ಬಿತ್ತುತ್ತಿದ್ದಿರಿ, ಜೋಳ ಹಗೇವಿನಲ್ಲಿ ಎಷ್ಟು ದಿನ ಇರುತ್ತಿತ್ತು, ನೀರು ಎಲ್ಲಿಂದ ತರುತ್ತಿದ್ದಿರಿ. ಕಾಲವನ್ನು ಘಟನೆಗೆ ಕಟ್ಟಿ ಗುರುತಿಸಿ: ರಜಾಕಾರರ ಗದ್ದಲಕ್ಕೆ ಮುಂಚೆಯೋ ಆಮೇಲೋ, ಡ್ಯಾಂ ಕಟ್ಟುವಾಗಲೋ, ಕಾಲುವೆಗೆ ನೀರು ಬಿಟ್ಟ ಮೇಲೋ. ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಂಡ ಪೊಲೀಸ್ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರ್, ಡ್ಯಾಂ ಕೆಲಸ ಸಾಗಿದ್ದು 1945ರಿಂದ 1953ರ ನಡುವೆ, ಈ ಗೂಟಗಳಿಗೆ ನೆನಪನ್ನು ಕಟ್ಟಬಹುದು. ಅಜ್ಜ ಹೇಳಿದ ‘ಧಾತು ಬರ’ದ ಮಾತು ಬಂದರೆ ಅದು 1876–77, ಆ ವರ್ಷದ ಸಂವತ್ಸರವೇ ಧಾತು.

ಒಂದು ಕೂರಾಟ ಒಂದೂವರೆ ಗಂಟೆ ದಾಟದಿರಲಿ. ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ಆರರಿಂದ ಎಂಟು ಗಂಟೆ ಹಿಡಿಯುತ್ತದೆ, ಇದನ್ನು ಲೆಕ್ಕ ಹಾಕದೆ 40 ಜನರನ್ನು ರೆಕಾರ್ಡ್ ಮಾಡಿ ಕೊನೆಗೆ ಯಾವುದನ್ನೂ ಬಳಸದವರು ಬಹಳ. 10–12 ಜನ ಸಾಕು, ಆದರೆ ಒಬ್ಬೊಬ್ಬರ ಬಳಿ ಎರಡು ಬಾರಿ ಹೋಗಿ. ಗೌಡರ ಮನೆಯ ಜಗಲಿಯಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿದರೆ ಗೌಡರ ಚರಿತ್ರೆ ಮಾತ್ರ ಸಿಗುತ್ತದೆ. ಕೇರಿಗೆ ಹೋಗಿ, ಹೆಂಗಸರ ಜೊತೆ ಬೇರೆಯಾಗಿ ಕೂತು ಕೇಳಿ. ಅವರಾಡಿದ ಮಾತನ್ನು ಗ್ರಾಂಥಿಕಕ್ಕೆ ತಿದ್ದಬೇಡಿ, ‘ಬರ್ತಿದ್ವಿ’ ಎಂದದ್ದು ‘ಬರುತ್ತಿದ್ದೆವು’ ಆಗಬಾರದು.

ಗದ್ದಲದ ಕಾಲದ ಹಿಂಸೆಯ ಮಾತು ಬಂದಾಗ ಎರಡೂ ಕಡೆಯ ಗಾಯ ಇನ್ನೂ ಹಸಿ ಇರುತ್ತದೆ. ಹೆಸರು ಬಳಸಲು ಒಪ್ಪಿಗೆ ಕೇಳಿ, ಕೊಡದಿದ್ದರೆ ಹೆಸರು ಬದಲಿಸಿ. ರೆಕಾರ್ಡರ್ ಆರಿಸಿ ಎಂದರೆ ಆರಿಸಿ.

ಸ್ಥಳಪುರಾಣ, ಕೈಫಿಯತ್ತು ನಂಬಬಹುದಾ?

ನಡೆದದ್ದಕ್ಕೆ ಸಾಕ್ಷಿಯಾಗಿ ನೇರವಾಗಿ ಬಳಸಬೇಡಿ, ಬರೆದ ಕಾಲದ ಜನ ಏನು ನಂಬಿದ್ದರು ಎಂಬುದಕ್ಕೆ ಅವು ಉತ್ತಮ ಸಾಕ್ಷಿ. ಮೆಕೆಂಜಿಯ ಸಹಾಯಕರು ಊರೂರಿನ ಕರಣಂ, ಹಿರಿಯರಿಂದ ಬರೆಸಿಕೊಂಡ ಕೈಫಿಯತ್ತುಗಳಲ್ಲಿ ವಂಶಾವಳಿಯ ಹಿಂಭಾಗ ಪುರಾಣಕ್ಕೆ ಹೋಗುತ್ತದೆ, ಆದರೆ ಕೊನೆಯ ಎರಡು-ಮೂರು ತಲೆಮಾರು, ಸುಂಕ, ಇನಾಂ, ಕೋಟೆ ರಿಪೇರಿಯ ವಿವರ ಸಾಮಾನ್ಯವಾಗಿ ಗಟ್ಟಿ. ಕನ್ನಡ ಕೈಫಿಯತ್ತುಗಳನ್ನು ಎಂ.ಎಂ. ಕಲಬುರ್ಗಿ ಸಂಪಾದಿಸಿದ್ದಾರೆ, ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ.

ಇನ್ನೊಂದು ಬಲೆ ಇದೆ. ಜಾತ್ರೆಯ ಕಿರುಹೊತ್ತಿಗೆಯಲ್ಲಿ ಅಚ್ಚಾದ ಕಥೆಯನ್ನು ಪೂಜಾರಿ ಓದಿ ನಿಮಗೆ ಹೇಳುತ್ತಾರೆ, ನೀವು ಅದನ್ನು ‘ಮೌಖಿಕ ಆಕರ’ ಎಂದು ಬರೆಯುತ್ತೀರಿ, ಮುಂದಿನ ಹೊತ್ತಿಗೆಯಲ್ಲಿ ನಿಮ್ಮ ಪ್ರಬಂಧವೇ ಆಧಾರವಾಗುತ್ತದೆ. ‘ಇದನ್ನು ಯಾರಿಂದ ಕೇಳಿದಿರಿ?’ ಎಂಬ ಒಂದು ಪ್ರಶ್ನೆ ಈ ಸುತ್ತನ್ನು ಕಡಿಯುತ್ತದೆ.

ಹೊಲದಲ್ಲಿ ಕಲ್ಲಿನ ಕೊಡಲಿ, ಮಡಕೆ ಚೂರು ಸಿಕ್ಕಿತು. ತರಬಹುದಾ?

ತರಬೇಡಿ. ಸಂಗನಕಲ್ಲು, ತೆಕ್ಕಲಕೋಟೆ, ಕುಡತಿನಿಯ ಬೂದಿದಿಬ್ಬ, ಪಿಕ್ಲಿಹಾಳ, ಮಸ್ಕಿ, ಹಿರೇಬೆಣಕಲ್ಲಿನ ಮೋರ್ಯರ ಮನೆಗಳು (ಬೃಹತ್ ಕಲ್ಲಿನ ಗೋರಿಗಳು) ಇರುವ ಈ ನೆಲದಲ್ಲಿ ಇಂಥವು ಸಿಗುತ್ತಲೇ ಇರುತ್ತವೆ. ವಸ್ತುವಿನ ಅರ್ಧ ಬೆಲೆ ಅದು ಬಿದ್ದಿದ್ದ ಜಾಗದಲ್ಲಿದೆ. ಫೋನಿನಲ್ಲಿ ಅಕ್ಷಾಂಶ-ರೇಖಾಂಶ ಗುರುತಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸರ್ವೆ ನಂಬರ್ ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ಮೊದಲು ನೋಡಿಬಂದರೆ ಹೊಲದಲ್ಲಿ ಕಂಡದ್ದು ಏನೆಂದು ಗುರುತಿಸುವ ಕಣ್ಣು ಬರುತ್ತದೆ. ಮಸ್ಕಿಯಲ್ಲಿ ಅಶೋಕನ ಹೆಸರೇ ಇದ್ದ ಶಾಸನವನ್ನು 1915ರಲ್ಲಿ ಕಂಡದ್ದು ಚಿನ್ನ ಹುಡುಕುತ್ತಿದ್ದ ಒಬ್ಬ ಗಣಿ ಎಂಜಿನಿಯರ್. ಆ ಶಾಸನ ಇಂದೂ ಅದೇ ಜಾಗದಲ್ಲಿದೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದರೆ ಸಾಕಾ?

ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ ಅಕ್ಷರಶೈಲಿಯಿಂದ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ, ಶಾಸನಪಾಠದಲ್ಲಿ ಅದನ್ನು ತಿದ್ದಿ ಮುಗಿಸುವುದೇ ಕಷ್ಟ. ಪಿಎಚ್‌.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗೆಗೆ ಏರಿಸಿದ ಮೇಲೆ ಬೇರೆಯವರು ಹುಡುಕಿದಾಗ ನಿಮ್ಮ ಊರಿನ ಹೆಸರು ಸಿಗುವುದೂ ಯೂನಿಕೋಡ್ ಇದ್ದರೆ ಮಾತ್ರ.

ಎಂ.ಎ. ಆದ ಮೇಲೆ ಪಿಎಚ್‌.ಡಿ.ಗೆ ಏನು ನಿಯಮ?

ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರದಲ್ಲಿ 55 ಶೇಕಡಾ ಬೇಕು, ಮೀಸಲು ವರ್ಗಗಳಿಗೆ 5 ಶೇಕಡಾ ಸಡಿಲಿಕೆ ಇದೆ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಕನಿಷ್ಠ 12 ಕ್ರೆಡಿಟ್‌ನ ಕೋರ್ಸ್‌ವರ್ಕ್. ಎಂ.ಫಿಲ್. ಈಗ ಇಲ್ಲ. ಸಾರಲೇಖ ಬರೆಯುವ ಮುನ್ನ ಶೋಧಗಂಗೆಯಲ್ಲಿ ನಿಮ್ಮ ತಾಲೂಕಿನ ಹೆಸರು ಹಾಕಿ ಹುಡುಕಿ.

ಮೌಖಿಕ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಎಲ್ಲಿ ಸಿಕ್ಕಿಬೀಳುತ್ತಾರೆ?

ಮೊದಲ ಎರಡು ಅಧ್ಯಾಯ ‘ಕರ್ನಾಟಕದ ರಾಜಕೀಯ ಹಿನ್ನೆಲೆ’, ‘ಭೌಗೋಳಿಕ ಹಿನ್ನೆಲೆ’ ಎಂದು ತುಂಬಿ, ಊರು 90ನೇ ಪುಟಕ್ಕೆ ಬರುವಲ್ಲಿ. 1904ರ ಬಳ್ಳಾರಿ ಗೆಜೆಟಿಯರನ್ನೋ 1970ರ ರಾಯಚೂರು ಗೆಜೆಟಿಯರನ್ನೋ ಕನ್ನಡಕ್ಕಿಳಿಸಿ ಅಧ್ಯಾಯ ಮಾಡಿದಲ್ಲಿ. ಶಾಸನದ ಪಾಠವನ್ನು ಕಲ್ಲು ನೋಡದೆ ನಕಲು ಮಾಡಿ, ಹಳೆಯ ಸಂಪಾದಕರ ತಪ್ಪನ್ನೂ ಸೇರಿಸಿ ಕೊಟ್ಟಲ್ಲಿ. ನಕ್ಷೆ ಇಲ್ಲದಲ್ಲಿ. ‘ಈ ಕೆರೆಯ ಕೋಡಿ ಯಾವ ದಿಕ್ಕಿಗಿದೆ?’ ಎಂದು ಪರೀಕ್ಷಕರು ಕೇಳಿದಾಗ ಒಂದು ಬಾರಿಯಾದರೂ ಏರಿಯ ಮೇಲೆ ನಡೆದವರಿಗೆ ಮಾತ್ರ ಉತ್ತರ ಬರುತ್ತದೆ.

ಪ್ರಬಂಧ ಮುಗಿದ ಮೇಲೆ ಸಾಮಗ್ರಿಯನ್ನು ಏನು ಮಾಡಬೇಕು?

ಒಂದು ಪ್ರತಿಯನ್ನು ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಸಂದರ್ಶನದ ಧ್ವನಿಯನ್ನು ಆ ಮನೆಯವರಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡಿ. ಕಡತದ ಹೆಸರಿನಲ್ಲಿ ಊರು, ವ್ಯಕ್ತಿಯ ಸಂಕೇತ, ದಿನಾಂಕ ಇರಲಿ, ಎರಡು ಬೇರೆ ಬೇರೆ ಕಡೆ ಪ್ರತಿ ಇಡಿ. ಓದಲಾಗದೆ ಬಿಟ್ಟ ಶಾಸನದ ಸಾಲುಗಳ ಫೋಟೊಗಳನ್ನೂ ಅಳಿಸದೆ ವಿಭಾಗಕ್ಕೆ ಒಪ್ಪಿಸಿ, ಆ ಕಟ್ಟೆಯ ಸಿಮೆಂಟು ಯಾವತ್ತಾದರೂ ಒಡೆದಾಗ ಮುಂದಿನವರು ಅಲ್ಲಿಂದಲೇ ಓದತೊಡಗಬಹುದು.